ನಾಯಕನನ್ನು ಬಿಟ್ಟುಕೊಟ್ಟ ಊರು

2025ರ ಮಾರ್ಚ್ 7, ಶುಕ್ರವಾರ. ಅಮೆರಿಕದ ಬೋಸ್ಟನ್ ನಗರದಲ್ಲಿ ಅಪರಾಹ್ನ ಮೂರು ಗಂಟೆ. ನಮ್ಮಲ್ಲಿ ಆಗ ನಡುರಾತ್ರಿ ಕಳೆದು ಒಂದೂವರೆ. ಐಸ್ ಹಾಕಿಯ ನ್ಯಾಷನಲ್ ಹಾಕಿ ಲೀಗಿನಲ್ಲಿ ಆಟಗಾರರ ವಿನಿಮಯಕ್ಕೆ ಆ ವರ್ಷದ ಗಡುವು ಮುಗಿಯುವ ಹೊತ್ತು ಅದು. ಆಗ ಹೊರಬಿದ್ದ ಸುದ್ದಿಯೊಂದು ಬೋಸ್ಟನ್ನಿನ ಅಭಿಮಾನಿಗಳನ್ನು ಕಂಗೆಡಿಸಿತು. ಬ್ರುಯಿನ್ಸ್ ತಂಡದ ನಾಯಕ, ಹದಿನಾರು ಋತುಗಳಿಂದ ಅದೇ ಅಂಗಿಯಲ್ಲಿ ಆಡುತ್ತಿದ್ದ ಬ್ರಾಡ್ ಮಾರ್ಷಾಂಡ್ ಇನ್ನು ಫ್ಲೋರಿಡಾ ಪ್ಯಾಂಥರ್ಸ್ ತಂಡದವನು. ಪ್ರತಿಯಾಗಿ ಬೋಸ್ಟನ್ನಿಗೆ ದೊರೆತದ್ದು ಆಟಗಾರನಲ್ಲ, ಮುಂದೊಂದು ವರ್ಷ ಯಾರೋ ಒಬ್ಬ ಹುಡುಗನನ್ನು ಆರಿಸಿಕೊಳ್ಳುವ ಹಕ್ಕು.

ಮಂಜುಗಡ್ಡೆಯನ್ನೇ ಕಾಣದ ನಮ್ಮ ನಾಡಿನ ಓದುಗರಿಗೆ ಇದೇನು ವ್ಯಾಪಾರವೆಂದು ಅನ್ನಿಸಬಹುದು. ಆದರೆ ಯಕ್ಷಗಾನದ ಊರಿನವರಿಗೆ ಇದು ತೀರ ಅಪರಿಚಿತವಾಗಲಾರದು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಬಳಿಕ, ಮುಂದಿನ ತಿರುಗಾಟಕ್ಕೆ ಯಾವ ಭಾಗವತರು ಯಾವ ಮೇಳ ಸೇರುತ್ತಾರೆ, ಯಾರ ಜಾಗಕ್ಕೆ ಯಾರು ಬರುತ್ತಾರೆ ಎಂದು ಮಳೆಗಾಲದುದ್ದಕ್ಕೂ ಜಗಲಿಗಳಲ್ಲಿ ನಡೆಯುವ ಚರ್ಚೆಯನ್ನು ನಾವೆಲ್ಲ ಕೇಳಿದ್ದೇವೆ. ವ್ಯತ್ಯಾಸ ಇಷ್ಟೇ: ಕಲಾವಿದರು ತಾವಾಗಿ ಮೇಳ ಬಿಟ್ಟು ಮೇಳ ಸೇರುತ್ತಾರೆ, ಹಾಕಿಯಲ್ಲಿ ಇಬ್ಬರು ವ್ಯವಸ್ಥಾಪಕರು ದೂರವಾಣಿಯಲ್ಲಿ ಮಾತು ಮುಗಿಸಿದ ಮೇಲೆ ಆಟಗಾರನಿಗೆ ಹೇಳಿಕಳುಹಿಸುತ್ತಾರೆ. ಕ್ರಿಕೆಟ್ಟಿನಲ್ಲಿ 2009ರಲ್ಲಿ ಜಹೀರ್ ಖಾನರನ್ನು ಮುಂಬಯಿಗೆ ಬಿಟ್ಟುಕೊಟ್ಟು ಕೊಡಗಿನ ರಾಬಿನ್ ಉತ್ತಪ್ಪನವರನ್ನು ಬೆಂಗಳೂರು ಪಡೆದುಕೊಂಡದ್ದು ಇದೇ ಬಗೆಯ ವಿನಿಮಯ. 2023ರಲ್ಲಿ ಗುಜರಾತಿನಿಂದ ಮುಂಬಯಿಗೆ ಬಂದು ನಾಯಕರಾದ ಹಾರ್ದಿಕ್ ಪಾಂಡ್ಯರನ್ನು ಮುಂಬಯಿಯ ಪ್ರೇಕ್ಷಕರೇ ಮೂದಲಿಸಿದ್ದನ್ನು ಮಕ್ಕಳೂ ಬಲ್ಲರು.

ನ್ಯಾಷನಲ್ ಹಾಕಿ ಲೀಗಿನಲ್ಲಿ ಕೆನಡಾ ಮತ್ತು ಅಮೆರಿಕಗಳ 32 ತಂಡಗಳಿವೆ. 2025–26ರ ಋತುವಿನವರೆಗೆ ಅಕ್ಟೋಬರದಿಂದ ಏಪ್ರಿಲ್ ತನಕ ಪ್ರತಿ ತಂಡವೂ 82 ಪಂದ್ಯಗಳನ್ನಾಡುತ್ತಿತ್ತು. ಬಳಿಕ 16 ತಂಡಗಳು ಸ್ಟಾನ್ಲಿ ಕಪ್ಪಿಗಾಗಿ ಸೆಣಸುತ್ತವೆ. ಸೋತು ಹೊರಬಿದ್ದ ತಂಡಗಳು ಕೊನೆಯ ಗಳಿಗೆಯಲ್ಲಿ ತಮ್ಮ ಒಳ್ಳೆಯ ಆಟಗಾರರನ್ನೆಲ್ಲ ಯಾವುದೋ ಒಂದು ತಂಡಕ್ಕೆ ಸಾಗಹಾಕಿದರೆ ಸ್ಪರ್ಧೆಗೆ ಅರ್ಥವುಳಿಯದು; ಆದುದರಿಂದಲೇ ಗಡುವು. ಅದು ಮೀರಿದ ಬಳಿಕ ವಿನಿಮಯವಾಗಿ ಬಂದವನು ಆ ಋತುವಿನಲ್ಲಿ ಅಂಕಣಕ್ಕಿಳಿಯುವಂತಿಲ್ಲ.

ಗಡುವಿನ ದಿನ ಸಮೀಪಿಸಿದಂತೆ ಕೆನಡಾದಲ್ಲಿ ಬೇರೆ ಮಾತಿಲ್ಲ. ಕ್ರೀಡಾ ವಾಹಿನಿಗಳು ಬೆಳಗ್ಗಿನಿಂದ ಸಂಜೆಯ ತನಕ ಅದನ್ನೇ ಪ್ರಸಾರ ಮಾಡುತ್ತವೆ. ಗಂಟೆಗಟ್ಟಲೆ ಏನೂ ನಡೆಯದಿದ್ದಾಗಲೂ ಪರಿಣತರು ಮಾತಾಡುತ್ತಲೇ ಇರಬೇಕಾಗುತ್ತದೆ. ಚುನಾವಣೆಯ ಎಣಿಕೆಯ ದಿನ ನಮ್ಮ ವಾಹಿನಿಗಳು ಪಡುವ ಪಾಡಿಗಿಂತ ಅದು ಭಿನ್ನವಲ್ಲ. ಅಭಿಮಾನಿಗಳು ಕಾಫಿ ಅಂಗಡಿಗಳಲ್ಲಿ ಕುಳಿತು ತಮ್ಮದೇ ಪಟ್ಟಿ ಸಿದ್ಧಪಡಿಸುತ್ತಾರೆ. ಆ ನಾಡಿನ ಅತ್ಯಂತ ಪ್ರಸಿದ್ಧ ಕಾಫಿ ಅಂಗಡಿಗಳ ಸಾಲಿಗೆ ಟಿಮ್ ಹಾರ್ಟನ್ ಎಂಬ ಹಾಕಿ ಆಟಗಾರನ ಹೆಸರಿದೆ. ಟೊರಾಂಟೊ ತಂಡದೊಡನೆ ನಾಲ್ಕು ಬಾರಿ ಸ್ಟಾನ್ಲಿ ಕಪ್ ಗೆದ್ದ ಆತನನ್ನೂ 1970ರ ಮಾರ್ಚ್‌ನಲ್ಲಿ ನ್ಯೂಯಾರ್ಕಿಗೆ ಬಿಟ್ಟುಕೊಟ್ಟಿದ್ದರು. ಆತನ ಹೆಸರಿನ ಲೋಟವನ್ನು ಕೈಯಲ್ಲಿ ಹಿಡಿದೇ ಜನರು ಇಂದಿನ ಆಟಗಾರರ ಬೆಲೆ ಕಟ್ಟುತ್ತಾರೆ.

ಬೆಲೆ ಕಟ್ಟುವುದೆಂದರೆ ಸುಮ್ಮನೆ ಬಾಯಿಮಾತಲ್ಲ. 2004–05ರ ಇಡೀ ಋತು ಮಾಲಕರ ಮತ್ತು ಆಟಗಾರರ ಜಗಳದಲ್ಲಿ ನಷ್ಟವಾಯಿತು. ಆ ಬಳಿಕ ಪ್ರತಿ ತಂಡದ ಒಟ್ಟು ವೇತನಕ್ಕೆ ಮಿತಿ ಬಂತು. 2024–25ರಲ್ಲಿ ಆ ಮಿತಿ 8 ಕೋಟಿ 80 ಲಕ್ಷ ಡಾಲರ್. ಆದುದರಿಂದ ತಾರೆಯೊಬ್ಬನನ್ನು ತರಬೇಕಾದರೆ ಅವನ ಸಂಬಳಕ್ಕೆ ಎಡೆ ಮಾಡಿಕೊಡಬೇಕು, ಯಾರನ್ನಾದರೂ ಕಳುಹಿಸಬೇಕು, ಅಥವಾ ಕಳುಹಿಸುವ ತಂಡವೇ ಸಂಬಳದ ಒಂದು ಪಾಲನ್ನು ಹೊರುವಂತೆ ಒಪ್ಪಿಸಬೇಕು. ಸಾಮಾನ್ಯ ಅಭಿಮಾನಿಗೂ ಈ ಲೆಕ್ಕ ಕಂಠಪಾಠ. ಶಾಲೆಯಲ್ಲಿ ಗಣಿತಕ್ಕೆ ಹೆದರಿದವರೂ ಇಲ್ಲಿ ದಶಮಾಂಶ ತಪ್ಪುವುದಿಲ್ಲ.

ವಾದದ ತಿರುಳು ಮಾತ್ರ ಲೆಕ್ಕದಲ್ಲಿಲ್ಲ. ಪ್ರತಿ ಬೇಸಿಗೆಯಲ್ಲಿ ತಂಡಗಳು ಹದಿನೆಂಟರ ಆಸುಪಾಸಿನ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಮೊದಲ ಸುತ್ತಿನ ಹಕ್ಕೆಂದರೆ ಕಣಜದಲ್ಲಿಟ್ಟ ಬಿತ್ತನೆಯ ಬೀಜ. ಈ ವರ್ಷದ ಹಬ್ಬಕ್ಕೆ ಅದನ್ನೇ ಕುಟ್ಟಿ ಉಣ್ಣಬೇಕೆ, ಇಲ್ಲ ಮುಂದಿನ ಬೆಳೆಗೆ ಕಾಯಬೇಕೆ? ಗೆಲ್ಲುವ ಹಂಬಲವುಳ್ಳ ತಂಡ ಬೀಜ ಕೊಟ್ಟು ‘ಬಾಡಿಗೆ ಆಟಗಾರ’ನನ್ನು ತರುತ್ತದೆ. ಒಪ್ಪಂದ ಆ ಬೇಸಿಗೆಗೇ ಮುಗಿಯಲಿರುವವನಿಗೆ ಅಲ್ಲಿ ಆ ಹೆಸರು. ಮೂರು ತಿಂಗಳು ಆಡಿ ಅವನು ಹೊರಟುಹೋಗಬಹುದು.

ಬೋಸ್ಟನ್ ಈ ಪಾಠವನ್ನು ದುಬಾರಿಯಾಗಿ ಕಲಿತ ಊರು. 2022–23ರಲ್ಲಿ ಆ ತಂಡ 65 ಪಂದ್ಯಗಳನ್ನು ಗೆದ್ದು 135 ಅಂಕ ಗಳಿಸಿತು. ಲೀಗಿನ ಇತಿಹಾಸದಲ್ಲೇ ಅದು ದಾಖಲೆ. ಇಂಥ ವರ್ಷ ಮತ್ತೆ ಬರುವುದೇ ಎಂದು ವ್ಯವಸ್ಥಾಪಕರು ಮೊದಲ ಸುತ್ತಿನ ಎರಡು ಹಕ್ಕುಗಳನ್ನು ಬಿಟ್ಟುಕೊಟ್ಟು ಡಿಮಿಟ್ರಿ ಒರ್ಲೊವ್, ಟೈಲರ್ ಬರ್ಟುಝಿ ಮೊದಲಾದವರನ್ನು ತಂದರು. ಅಭಿಮಾನಿಗಳಲ್ಲಿ ಅನುಮಾನಪಟ್ಟವರು ಕಡಿಮೆ. ನಾಕೌಟಿನ ಮೊದಲ ಸುತ್ತಿನಲ್ಲೇ ಫ್ಲೋರಿಡಾದೆದುರು 3–1ರಿಂದ ಮುಂದಿದ್ದ ತಂಡ ಏಳನೆಯ ಪಂದ್ಯದಲ್ಲಿ ಸೋತು ಮನೆಗೆ ಹೋಯಿತು. ಬೇಸಿಗೆಯಲ್ಲಿ ಒರ್ಲೊವ್, ಬರ್ಟುಝಿ ಇಬ್ಬರೂ ಬೇರೆ ತಂಡ ಸೇರಿದರು. ಬೀಜವೂ ಹೋಯಿತು, ಹಬ್ಬವೂ ಇಲ್ಲ. ಎರಡು ವರ್ಷಗಳ ಬಳಿಕ ಅದೇ ಬೋಸ್ಟನ್ ಮಾರುವವರ ಸಾಲಿನಲ್ಲಿ ನಿಂತಿತು. ಮಾರ್ಷಾಂಡ್‌ನ ಜೊತೆಗೆ, ಅದೇ ರಾಜ್ಯದಲ್ಲಿ ಹುಟ್ಟಿ ಬೆಳೆದ ಚಾರ್ಲಿ ಕಾಯಿಲ್‌ನನ್ನೂ ಅದು ಬಿಟ್ಟುಕೊಟ್ಟಿತು.

ಪಟ್ಟಿ ಬರೆಯುವವರಿಗೆ ಕಾಣದ ಒಂದು ಸಂಗತಿಯುಂಟು. ಒಪ್ಪಂದದಲ್ಲಿ ‘ನನ್ನ ಅನುಮತಿಯಿಲ್ಲದೆ ಸ್ಥಳಾಂತರವಿಲ್ಲ’ ಎಂಬ ಷರತ್ತನ್ನು ಬರೆಸಿಕೊಳ್ಳುವ ಅರ್ಹತೆ ಬರಲು ಆಟಗಾರನಿಗೆ 27 ವರ್ಷವಾಗಿರಬೇಕು, ಇಲ್ಲವೆ ಏಳು ಋತು ಕಳೆದಿರಬೇಕು. ಉಳಿದವರು ಕರೆ ಬಂದ ಮರುದಿನವೇ ಪೆಟ್ಟಿಗೆ ಕಟ್ಟಬೇಕು. ಅನೇಕ ಮನೆಗಳಲ್ಲಿ ಗಂಡಸೊಬ್ಬನೇ ಹೊರಡುತ್ತಾನೆ. ಮಕ್ಕಳ ಶಾಲೆಯ ವರ್ಷ ಮುಗಿಯುವ ತನಕ ಹೆಂಡತಿ ಹಳೆಯ ಊರಿನಲ್ಲಿಯೇ ಉಳಿಯುತ್ತಾಳೆ. ನಡುವರ್ಷದಲ್ಲಿ ಟಿ.ಸಿ. ತೆಗೆಸಬೇಕೆ ಬೇಡವೆ ಎಂದು ತಲೆಕೆಡಿಸಿಕೊಂಡ ನಮ್ಮ ನೌಕರ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೋಟಿಗಟ್ಟಲೆ ಸಂಬಳ ಪಡೆಯುವವರ ಕಷ್ಟಕ್ಕೆ ಮರುಗುವುದೇಕೆಂದು ಕೇಳಬಹುದು. ಆದರೆ ಗೆಳೆಯರನ್ನು ಬಿಟ್ಟುಬರುವ ಏಳು ವರ್ಷದ ಮಗುವಿಗೆ ತಂದೆಯ ಸಂಬಳ ತಿಳಿಯದು. ಫಿನ್ಲೆಂಡಿನ ಮಿಕ್ಕೊ ರಂಟಾನೆನ್ 2025ರ ಜನವರಿ 24ರಂದು ಕೊಲರಾಡೊದಿಂದ ಕ್ಯಾರೊಲಿನಾಕ್ಕೆ, ಆರೇ ವಾರಗಳಲ್ಲಿ ಅಲ್ಲಿಂದ ಡಲ್ಲಾಸಿಗೆ ಹೋಗಬೇಕಾಯಿತು. ಆತ ಮೇ ತಿಂಗಳಲ್ಲಿ ಏಳನೆಯ ಪಂದ್ಯದ ಕೊನೆಯ ಅವಧಿಯೊಂದರಲ್ಲೇ ಮೂರು ಗೋಲು ಹೊಡೆದು ಹೊರಗಟ್ಟಿದ್ದು ಅದೇ ಕೊಲರಾಡೊ ತಂಡವನ್ನು. ‘ವಿನಿಮಯದಲ್ಲಿ ಗೆದ್ದವರು ಯಾರು’ ಎಂಬ ವಾದಕ್ಕೆ ಆ ರಾತ್ರಿ ಡಲ್ಲಾಸಿನಲ್ಲಿ ಯಾರೂ ಎರಡನೆಯ ಉತ್ತರ ಹುಡುಕಿರಲಾರರು.

1988ರ ಆಗಸ್ಟ್ 9ರಂದು ಎಡ್ಮಂಟನ್ನಿನ ವೇಯ್ನ್ ಗ್ರೆಟ್ಸ್ಕಿಯನ್ನು ಲಾಸ್ ಏಂಜಲಿಸ್‌ಗೆ ಬಿಟ್ಟುಕೊಟ್ಟಾಗ ಕೆನಡಾದಲ್ಲಿ ಜನರು ತಂಡದ ಮಾಲಕನ ಪ್ರತಿಕೃತಿಯನ್ನು ಸುಟ್ಟರು. ಸರಕಾರವೇ ಇದನ್ನು ತಡೆಯಬೇಕೆಂದು ಸಂಸದರೊಬ್ಬರು ಒತ್ತಾಯಿಸಿದರು. ಪತ್ರಕರ್ತರೆದುರು ಗ್ರೆಟ್ಸ್ಕಿ ಅತ್ತುಬಿಟ್ಟ. ಆ ಗಡಿಬಿಡಿಯನ್ನು ಬಹಳ ಮಂದಿ ಬರೆದಿದ್ದಾರೆ. ನನಗೆ ಅದಕ್ಕಿಂತ ಬೋಸ್ಟನ್ನಿನದೇ ಇನ್ನೊಂದು ಕತೆ ದೊಡ್ಡದಾಗಿ ಕಾಣುತ್ತದೆ.

ರೇ ಬೋರ್ಕ್ 1979ರಲ್ಲಿ ಆ ತಂಡ ಸೇರಿದವನು. ರಕ್ಷಣಾ ಆಟಗಾರ, ಬಹುಕಾಲದ ನಾಯಕ. 1988ರಲ್ಲಿ, 1990ರಲ್ಲಿ ಎರಡು ಬಾರಿ ಅಂತಿಮ ಹಂತ ತಲುಪಿ ಎಡ್ಮಂಟನ್ನಿನೆದುರು ಸೋತಿದ್ದ. 2000ದ ಮಾರ್ಚ್ ಹೊತ್ತಿಗೆ ತಂಡ ಕೆಳಗಿಳಿದಿತ್ತು, ಆತನಿಗೆ 39 ವರ್ಷ. ಕಪ್ ಗೆಲ್ಲುವ ಅವಕಾಶವಿರುವಲ್ಲಿಗೆ ನನ್ನನ್ನು ಕಳುಹಿಸಿ ಎಂದು ಆತನೇ ಕೇಳಿಕೊಂಡ. ಮಾರ್ಚ್ 6ರಂದು ಬೋಸ್ಟನ್ ಅವನನ್ನು ಕೊಲರಾಡೊಗೆ ಕಳುಹಿಸಿತು. ಆ ವರ್ಷ ಆಗಲಿಲ್ಲ. ಮರುವರ್ಷ, 2001ರ ಜೂನ್ 9ರಂದು ಕೊಲರಾಡೊ ಏಳನೆಯ ಪಂದ್ಯದಲ್ಲಿ ನ್ಯೂಜೆರ್ಸಿಯನ್ನು 3–1ರಿಂದ ಸೋಲಿಸಿತು. ಕಪ್ಪನ್ನು ಮೊದಲು ತಲೆಯ ಮೇಲೆತ್ತುವುದು ನಾಯಕನ ಹಕ್ಕು. ನಾಯಕ ಜೋ ಸಾಕಿಕ್ ಅದನ್ನು ಎತ್ತಲೇ ಇಲ್ಲ, ಕೈಗೆ ಬಂದೊಡನೆ ಬೋರ್ಕ್‌ನ ಕೈಗಿತ್ತ. 1,612 ಲೀಗ್ ಪಂದ್ಯಗಳ ಬಳಿಕ ನಲವತ್ತು ವರ್ಷದ ಆ ಮನುಷ್ಯ ಅಂದು ಅದನ್ನು ಮೊದಲ ಬಾರಿಗೆ ಎತ್ತಿ ಹಿಡಿದ.

ಆಮೇಲೆ ನಡೆದುದನ್ನು ನೋಡಿ. ಬೋರ್ಕ್ ಆ ಕಪ್ಪನ್ನು ಹಿಡಿದುಕೊಂಡು ಬೋಸ್ಟನ್ನಿಗೇ ಬಂದ. ನಗರಸಭೆಯ ಮುಂದಿನ ಬಯಲಿನಲ್ಲಿ ಸಾವಿರಾರು ಜನ ಸೇರಿದರು. ಗೆದ್ದದ್ದು ಬೇರೆ ಊರಿನ ತಂಡ. ಅದರ ಕಪ್ಪಿಗೆ ಈ ಊರಿನವರು ಜಯಕಾರ ಹಾಕಿದರು. ಇದನ್ನು ಪೆದ್ದುತನವೆಂದು ಅಂದು ಗೇಲಿಮಾಡಿದವರೂ ಇದ್ದರು. ನಾನು ಆ ಸಾಲಿಗೆ ಸೇರುವವನಲ್ಲ. ಮಗಳನ್ನು ಕೊಟ್ಟ ಮನೆ ಚೆನ್ನಾಗಿರಲೆಂದು ಹಾರೈಸುವ ತವರಿನವರು ಪೆದ್ದರಲ್ಲವಷ್ಟೆ?

ಮಾರ್ಷಾಂಡ್‌ನ ವಿಷಯದಲ್ಲೂ ಬೋಸ್ಟನ್ನಿನವರು ಒಂದು ಸಮಾಧಾನ ಕಟ್ಟಿಕೊಂಡಿದ್ದರು. ಅವನ ಒಪ್ಪಂದ ಬೇಸಿಗೆಗೆ ಮುಗಿಯಲಿತ್ತು. ಮೂರು ತಿಂಗಳು ಹೊರಗೆ ಆಡಿ ಜುಲೈಯಲ್ಲಿ ಮನೆಗೆ ಮರಳಿದರಾಯಿತು ಎಂದು ಅಂದುಕೊಂಡವರಿದ್ದರು. ಕೊಡುವಾಗ ಅವನು ಗಾಯಗೊಂಡು ಆಟದಿಂದ ಹೊರಗಿದ್ದ. ಚೇತರಿಸಿಕೊಂಡವನು ನಾಕೌಟ್ ಪಂದ್ಯಗಳಲ್ಲಿ ಹತ್ತು ಗೋಲು ಹೊಡೆದ, ಅದರಲ್ಲಿ ಆರು ಎಡ್ಮಂಟನ್ ವಿರುದ್ಧದ ಅಂತಿಮ ಸರಣಿಯಲ್ಲಿ. ಜೂನ್ 17ರಂದು ಫ್ಲೋರಿಡಾ ಕಪ್ ಗೆದ್ದಿತು. 2023ರಲ್ಲಿ ಬೋಸ್ಟನ್ನಿನ ದಾಖಲೆಯ ತಂಡವನ್ನು ಮುಳುಗಿಸಿದ ಅದೇ ಫ್ಲೋರಿಡಾ.

ಮಾರ್ಷಾಂಡ್ ಮರಳಲಿಲ್ಲ. ಫ್ಲೋರಿಡಾದೊಡನೆ ಆರು ವರ್ಷಗಳ ಹೊಸ ಒಪ್ಪಂದಕ್ಕೆ ಸಹಿ ಹಾಕಿದ. ತಂಡ ಮುಂದೆ ಸಾಗಿ, ಅವನೂ ಆಡಿದರೆ ಹಕ್ಕಿನ ದರ್ಜೆ ಏರಬೇಕೆಂಬ ಷರತ್ತಿದ್ದುದರಿಂದ ಬೋಸ್ಟನ್ನಿಗೆ ದೊರೆತ ಎರಡನೆಯ ಸುತ್ತಿನ ಹಕ್ಕು ಮೊದಲ ಸುತ್ತಿನದಾಯಿತು. ಆ ಹಕ್ಕಿನಿಂದ ಬರುವ ಆಟಗಾರ ಮಾರ್ಷಾಂಡ್‌ಗೆ ಸಾಟಿಯಾದಾನೇ ಎಂದು ಅಲ್ಲಿನವರು ಈಗಲೇ ವಾದಿಸತೊಡಗಿದ್ದಾರೆ. ಆ ಹುಡುಗನೋ, ಎಲ್ಲಿಯೋ ಒಂದು ಊರಿನಲ್ಲಿ, ಇದಾವುದರ ಅರಿವಿಲ್ಲದೆ ಚೀಲ ಹೆಗಲಿಗೇರಿಸಿ ಶಾಲೆಗೆ ಹೋಗುತ್ತಿರಬೇಕು.