ಲ್ಯಾಪ್‌ಟಾಪಿಗೆ ಹೋಂ ಥಿಯೇಟರ್ ಜೋಡಿಸುವುದು ಹೇಗೆ?

ಡಿವಿಡಿಯ ಕಾಲ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಹೋಂ ಥಿಯೇಟರ್ ಷೋಕೇಸಿನಲ್ಲಿ ಧೂಳು ತಿನ್ನುತ್ತಾ ಕುಳಿತಿದೆ. ಅದೇ ಮನೆಯಲ್ಲಿ ನಾಲ್ಕು ಜನ ಸ್ನೇಹಿತರು ಒಂದು ಲ್ಯಾಪ್‌ಟಾಪಿನ ಮುಂದೆ ತಲೆಗೆ ತಲೆ ತಾಗಿಸಿ, ರೆಕಾರ್ಡ್ ಮಾಡಿದ ಪಾಠ ಕೇಳುತ್ತಿರುತ್ತಾರೆ. ಫ್ಯಾನ್ ಹಾಕಿದರೆ ಮಾತು ಕೇಳಿಸುವುದಿಲ್ಲ. ಎರಡನ್ನೂ ಜೋಡಿಸಿದರೆ ಹೊಸ ಸ್ಪೀಕರ್ ಕೊಳ್ಳುವ ಖರ್ಚು ಉಳಿಯುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸ ಮಾಡಿದವನು ನಾನು. ಹೇಗೆಂದು ಕೇಳುವ ಸ್ನೇಹಿತರು ಹೆಚ್ಚಾಗಿದ್ದರಿಂದ ಇಲ್ಲಿ ಬರೆದಿದ್ದೇನೆ.

5.1 ಎಂದರೇನು?

ಮುಂದೆ ಎಡ, ಬಲ ಮತ್ತು ನಡುವೆ ಒಂದೊಂದು ಸ್ಪೀಕರ್. ಕೇಳುವವರ ಪಕ್ಕದಲ್ಲಿ ಅಥವಾ ತುಸು ಹಿಂದೆ ಎಡ, ಬಲ ಎರಡು. ಇವು 5. ತಗ್ಗಿನ ಸ್ವರಗಳನ್ನು ಮಾತ್ರ ನುಡಿಸುವ ಸಬ್‌ವೂಫರ್ ಆ '.1'. ಸಿನಿಮಾಗಳಲ್ಲಿ ಮಾತು ಬಹುಮಟ್ಟಿಗೆ ನಡುವಿನ ಸ್ಪೀಕರಿನಿಂದಲೇ ಬರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು ಹಿಂಬದಿ ನೋಡಿ

ಅಂಗಡಿಗೆ ಹೋಗಿ ಕೇಬಲ್ ಕೇಳುವ ಮೊದಲು ಸೆಟ್ಟನ್ನು ತಿರುಗಿಸಿ, ಹಿಂದೆ ಏನೇನು ರಂಧ್ರಗಳಿವೆ ಎಂದು ಫೋಟೋ ತೆಗೆದುಕೊಳ್ಳಿ. 'ಇನ್' ಮತ್ತು 'ಔಟ್' ಎಂಬ ಪದಗಳನ್ನು ಗಮನಿಸಿ. ಹಳೆಯ ಡಿವಿಡಿ ಸೆಟ್‌ಗಳಲ್ಲಿರುವ ಎಚ್‌ಡಿಎಂಐ ಎಷ್ಟೋ ಸಲ 'ಔಟ್' ಮಾತ್ರ. ಅದು ಚಿತ್ರವನ್ನು ಟಿವಿಗೆ ಕಳಿಸಲು ಇರುವುದು. ಅದರ ಮೂಲಕ ಲ್ಯಾಪ್‌ಟಾಪಿನ ಧ್ವನಿ ಒಳಗೆ ಹೋಗದು.

ದಾರಿ 1: ಹೆಡ್‌ಫೋನ್ ರಂಧ್ರ. ಒಂದು ತುದಿಯಲ್ಲಿ 3.5 ಮಿ.ಮೀ. ಪಿನ್, ಇನ್ನೊಂದು ತುದಿಯಲ್ಲಿ ಕೆಂಪು ಮತ್ತು ಬಿಳಿ ಆರ್‌ಸಿಎ ಪಿನ್‌ಗಳಿರುವ ಕೇಬಲ್ ಸಾಕು. ಇದು ಅಗ್ಗದ ದಾರಿ. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಸೆಟ್ಟಿನ 'ಆಕ್ಸ್ ಇನ್'ಗೆ ಹಾಕಿ ರಿಮೋಟಿನಲ್ಲಿ ಆಕ್ಸ್ ಆರಿಸಿ. ಇಲ್ಲಿ ಹೋಗುವುದು ಎಡ, ಬಲ ಎರಡೇ ಚಾನೆಲ್. ಸೆಟ್ಟಿನಲ್ಲಿ 'ಪ್ರೋ ಲಾಜಿಕ್' ಇದ್ದರೆ ಅದು ಎರಡನ್ನು ಐದಕ್ಕೆ ಹಂಚುತ್ತದೆ. ಪಾಠ ಕೇಳಲು ಇಷ್ಟು ಧಾರಾಳ.

ದಾರಿ 2: ಎಚ್‌ಡಿಎಂಐ. ಸೆಟ್ಟಿನಲ್ಲಿ ಎಚ್‌ಡಿಎಂಐ 'ಇನ್' ಇದ್ದರೆ ಲ್ಯಾಪ್‌ಟಾಪಿನಿಂದ ಅದಕ್ಕೆ, ಅದರ 'ಔಟ್'ನಿಂದ ಟಿವಿಗೆ ಕೇಬಲ್ ಹಾಕಿ. ಒಂದೇ ಕೇಬಲಿನಲ್ಲಿ ಚಿತ್ರವೂ 5.1 ಧ್ವನಿಯೂ ಹೋಗುತ್ತವೆ. 'ಇನ್' ಇಲ್ಲದಿದ್ದರೂ ಟಿವಿ ಮತ್ತು ಸೆಟ್ ಎರಡರಲ್ಲೂ 'ಎಆರ್‌ಸಿ' ಎಂದು ಬರೆದ ರಂಧ್ರವಿದ್ದರೆ, ಲ್ಯಾಪ್‌ಟಾಪನ್ನು ಟಿವಿಯ ಬೇರೆ ರಂಧ್ರಕ್ಕೆ ಹಾಕಿ, ಟಿವಿಯಿಂದ ಧ್ವನಿಯನ್ನು ಸೆಟ್ಟಿಗೆ ಮರಳಿ ಪಡೆಯಬಹುದು. ಆದರೆ ಕೆಲವು ಟಿವಿಗಳು ಹೀಗೆ ಬಂದ ಧ್ವನಿಯನ್ನು ಎರಡು ಚಾನೆಲಿಗೆ ಇಳಿಸಿಬಿಡುತ್ತವೆ.

ದಾರಿ 3: ಯುಎಸ್‌ಬಿ ಸೌಂಡ್ ಕಾರ್ಡ್. ಸೆಟ್ಟಿನಲ್ಲಿ ಆರು ಚಾನೆಲಿಗೂ ಬೇರೆ ಬೇರೆ 'ಇನ್' ಇದ್ದು, ಎಚ್‌ಡಿಎಂಐ ಇಲ್ಲದಿದ್ದರೆ ಇದು ಬೇಕು. ಡಬ್ಬಿಯ ಮೇಲೆ '7.1' ಎಂದು ಬರೆದಿರುವುದನ್ನು ನೋಡಿ ಮೋಸಹೋಗಬೇಡಿ. ಒಂದೇ ಹೆಡ್‌ಫೋನ್ ರಂಧ್ರವಿದ್ದರೆ ಹೊರಗೆ ಬರುವುದು ಎರಡೇ ಚಾನೆಲ್. 3.5 ಮಿ.ಮೀ. ರಂಧ್ರಗಳಲ್ಲಿ ಆರು ಚಾನೆಲ್ ಬರಬೇಕಾದರೆ ಮೂರು ಔಟ್‌ಪುಟ್ ರಂಧ್ರಗಳಿರಬೇಕು, ಒಂದೊಂದರಲ್ಲಿ ಎರಡೆರಡು.

ದಾರಿ 4: ಬ್ಲೂಟೂತ್. ತಂತಿ ಬೇಡ. ಆದರೆ ಇದೂ ಎರಡೇ ಚಾನೆಲ್. ಕೆಲವೊಮ್ಮೆ ತುಟಿ ಮೊದಲು, ಮಾತು ಆಮೇಲೆ.

ವಿಂಡೋಸಿಗೆ ಹೇಳಬೇಕು

ಕೇಬಲ್ ಹಾಕಿದ ಮಾತ್ರಕ್ಕೆ 5.1 ಬರುವುದಿಲ್ಲ. ಕಂಟ್ರೋಲ್ ಪ್ಯಾನೆಲಿನ 'ಸೌಂಡ್' ತೆರೆದು, 'ಪ್ಲೇಬ್ಯಾಕ್'ನಲ್ಲಿ ನಿಮ್ಮ ಸಾಧನವನ್ನು ಆರಿಸಿ, 'ಕಾನ್ಫಿಗರ್' ಒತ್ತಿ 5.1 ಗುರುತಿಸಿ. 'ಟೆಸ್ಟ್' ಒತ್ತಿದರೆ ಒಂದೊಂದೇ ಸ್ಪೀಕರ್ ಸದ್ದು ಮಾಡುತ್ತದೆ. ಎಡದ್ದು ಬಲದಲ್ಲಿ ಕೇಳಿಸಿದರೆ ತಂತಿ ಅದಲುಬದಲಾಗಿದೆ ಎಂದರ್ಥ. ಪಟ್ಟಿಯಲ್ಲಿ 5.1 ಕಾಣದಿದ್ದರೆ, ಆ ದಾರಿಯಲ್ಲಿ ಎರಡೇ ಚಾನೆಲ್ ಹೋಗುತ್ತಿದೆ.

ನಮ್ಮ ಭೌತಶಾಸ್ತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಮುಂದಿನ ಸ್ಪೀಕರ್ 3 ಮೀಟರ್, ಹಿಂದಿನದು 1 ಮೀಟರ್ ದೂರವಿದ್ದರೆ ಹಿಂದಿನ ಸದ್ದು ಸುಮಾರು 6 ಮಿಲಿಸೆಕೆಂಡ್ ಮೊದಲೇ ಕಿವಿ ಸೇರುತ್ತದೆ. ಸೆಟ್ಟಿನ ಮೆನುವಿನಲ್ಲಿ ಪ್ರತಿ ಸ್ಪೀಕರಿನ ದೂರ ಕೇಳುವುದು ಇದಕ್ಕೇ. ಟೇಪು ಹಿಡಿದು ಅಳೆದು ತುಂಬಿಸಿದರೆ, ಅದು ಹತ್ತಿರದ ಸ್ಪೀಕರನ್ನು ಅಷ್ಟು ತಡಮಾಡಿ ನುಡಿಸುತ್ತದೆ.

ಅದೇ ಮೆನುವಿನಲ್ಲಿ ನಡುವಿನ ಸ್ಪೀಕರಿನ ಮಟ್ಟವನ್ನೂ ಏರಿಸಬಹುದು. ನನ್ನ ಅಜ್ಜನಿಗೆ ಕಿವಿ ಮಂದ. ಒಟ್ಟು ಸೌಂಡ್ ಹೆಚ್ಚಿಸಿದರೆ ಸಂಗೀತ ಅಬ್ಬರಿಸುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ನಡುವಿನದನ್ನು 3 ಡೆಸಿಬೆಲ್ ಏರಿಸಿ ಸಬ್‌ವೂಫರ್ ಇಳಿಸಿದೆ. "ಏನಂದ? ಏನಂದ?" ಎಂದು ಕೇಳುವುದನ್ನು ಬಿಟ್ಟು ಅವರೀಗ ನಮ್ಮೊಂದಿಗೆ ಕೂತು ನಗುತ್ತಾರೆ. ಅಷ್ಟು ತಂತಿ ಎಳೆದದ್ದಕ್ಕೆ ನನಗೆ ಸಿಕ್ಕ ದೊಡ್ಡ ಲಾಭ ಅದು.

ಎಚ್ಚರಿಕೆ

ತಂತಿ ಜೋಡಿಸುವಾಗ ಸೆಟ್ಟಿನ ಸ್ವಿಚ್ ಆರಿಸಿರಲಿ. ಹಾಕುವಾಗ ವಾಲ್ಯೂಮ್ ಕನಿಷ್ಠದಲ್ಲಿರಲಿ. ಸ್ಪೀಕರಿಗೆ ಹೋಗುವ ತಂತಿಯನ್ನು ಎಂದಿಗೂ ಲ್ಯಾಪ್‌ಟಾಪಿಗೆ ಜೋಡಿಸಬೇಡಿ. ಚಾರ್ಜರ್ ಹಾಕಿದಾಗ 'ಗುಂಯ್' ಎಂಬ ಸದ್ದು ಬಂದರೆ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ, ಇಲ್ಲವೇ ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಲ್ಲಲೆಂದು ಪ್ಲಗ್ಗಿನ ದಪ್ಪ ಅರ್ತ್ ಪಿನ್ ಮುರಿಯುವವರಿದ್ದಾರೆ. ಅದು ಜೀವ ಉಳಿಸುವ ಪಿನ್, ಅದನ್ನು ಮುಟ್ಟಬೇಡಿ.

ಇನ್ನೊಂದು ಮಾತು. 50 ಹರ್ಟ್ಸ್ ಸ್ವರದ ತರಂಗಾಂತರ ಸುಮಾರು 7 ಮೀಟರ್. ಇಂಥ ತಗ್ಗಿನ ಸದ್ದನ್ನು ಮನೆಯ ಗೋಡೆ ಚೆನ್ನಾಗಿ ತಡೆಯಲಾರದು. ನಮಗೆ ಹಿತವಾದ ಬಾಸ್ ಪಕ್ಕದ ಮನೆಯಲ್ಲಿ ಓದುತ್ತಿರುವವರಿಗೆ ತಲೆನೋವು. ರಾತ್ರಿ ಹೊತ್ತು, ಅದರಲ್ಲೂ ಪರೀಕ್ಷೆಯ ದಿನಗಳಲ್ಲಿ, ಸಬ್‌ವೂಫರ್ ಆರಿಸಿಬಿಡಿ. ಪಾಠಕ್ಕೆ ಅದು ಬೇಕಾಗಿಯೂ ಇಲ್ಲ.