ರಕ್ತಸಂಬಂಧಿಗಳ ರಕ್ತ: ತಿಳಿದಿರಬೇಕಾದ ಒಂದು ಎಚ್ಚರಿಕೆ

ಮನೆಯವರಿಗೆ ರಕ್ತ ಬೇಕೆಂದು ವೈದ್ಯರು ತಿಳಿಸಿದೊಡನೆ ಮಗನೋ ತಮ್ಮನೋ ತೋಳು ಚಾಚಿ ನಿಲ್ಲುವುದು ನಮ್ಮಲ್ಲಿ ಸಹಜ. "ಹೊರಗಿನವರ ರಕ್ತವೇಕೆ, ನಮ್ಮದೇ ಕೊಡುತ್ತೇವೆ" ಎನ್ನುವವರನ್ನು ನಾವು ಬಹುಕಾಲದಿಂದ ಕಂಡಿದ್ದೇವೆ. ಅವರ ಮಮತೆ ದೊಡ್ಡದು. ಆದರೆ ಹತ್ತಿರದ ಸಂಬಂಧಿಯ ರಕ್ತವೇ ಎಲ್ಲಕ್ಕಿಂತ ಸುರಕ್ಷಿತವೆಂಬ ನಂಬಿಕೆ ಸರಿಯಲ್ಲ.

ದಾನಿಯ ರಕ್ತದೊಡನೆ ಅವರ ಕೆಲವು ಬಿಳಿರಕ್ತಕಣಗಳೂ ರೋಗಿಯ ದೇಹವನ್ನು ಸೇರುತ್ತವೆ. ಸಾಮಾನ್ಯವಾಗಿ ರೋಗಿಯ ರೋಗನಿರೋಧಕ ಶಕ್ತಿ ಅವನ್ನು ಪರಕೀಯವೆಂದು ಗುರುತಿಸಿ ನಾಶಮಾಡುತ್ತದೆ. ಹತ್ತಿರದ ಬಂಧುಗಳ ಕಣಗಳಲ್ಲಿ ಗುರುತುಗಳು ಹೊಂದಿಕೆಯಾದರೆ ಅವು ಪತ್ತೆಯಾಗದೆ ಉಳಿದು, ಬೆಳೆದು, ರೋಗಿಯ ದೇಹದ ಮೇಲೆಯೇ ಎರಗಬಹುದು. ಇದನ್ನು 'ಗ್ರಾಫ್ಟ್ ವರ್ಸಸ್ ಹೋಸ್ಟ್' ರೋಗವೆನ್ನುತ್ತಾರೆ. ಸೋದರಮಾವ, ಅತ್ತೆಯ ಮಗನೊಡನೆ ವಿವಾಹವಾಗುವ ರೂಢಿಯಿರುವ ಮನೆತನಗಳಲ್ಲಿ ಇಂತಹ ಹೊಂದಿಕೆಯ ಸಂಭವ ಹೆಚ್ಚು.

ರಕ್ತ ಏರಿಸಿದ ಒಂದೆರಡು ವಾರಗಳಲ್ಲಿ ಜ್ವರ ಕಾಣಿಸಿಕೊಂಡು, ಮುಖ ಮತ್ತು ಎದೆಯ ಮೇಲೆ ಕೆಂಪು ದದ್ದು ಎದ್ದು, ಅಂಗೈ ಅಂಗಾಲುಗಳವರೆಗೂ ಹಬ್ಬುತ್ತದೆ. ಕೆಲವೊಮ್ಮೆ ಗುಳ್ಳೆಯೆದ್ದು ಚರ್ಮ ಸುಲಿಯುತ್ತದೆ. ಭೇದಿ, ಕಾಮಾಲೆ, ರಕ್ತಕಣಗಳ ಕುಸಿತ ಜೊತೆಗೂಡುತ್ತವೆ. ಹಿಂದೆ ಜಪಾನಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ ಮೈಯೆಲ್ಲ ಕೆಂಪೇರಿ ರೋಗಿಗಳು ಸಾಯುತ್ತಿದ್ದುದು ಈ ಕಾರಣದಿಂದಲೇ ಎಂದು ತಡವಾಗಿ ತಿಳಿಯಿತು. ರೋಗ ಬಹು ಅಪರೂಪ. ಆದರೆ ಬಂದರೆ ನೂರರಲ್ಲಿ 90ಕ್ಕೂ ಹೆಚ್ಚು ಮಂದಿ ಬದುಕುವುದಿಲ್ಲ.

ತಡೆಯುವ ದಾರಿ ಮಾತ್ರ ಸರಳ. ರಕ್ತಕ್ಕೆ ಸುಮಾರು 25 ಗ್ರೇ ಪ್ರಮಾಣದ ವಿಕಿರಣ ನೀಡಿದರೆ ಆ ಬಿಳಿಕಣಗಳು ವೃದ್ಧಿಯಾಗಲಾರವು. ಬಿಳಿಕಣಗಳನ್ನು ಸೋಸುವುದೊಂದೇ ಸಾಲದು. ಆದ್ದರಿಂದ ಸಂಬಂಧಿಯ ರಕ್ತ ಅನಿವಾರ್ಯವಾದಾಗ "ಇವರು ನಮ್ಮ ಒಡಹುಟ್ಟಿದವರು, ಈ ರಕ್ತಕ್ಕೆ ವಿಕಿರಣ ಕೊಡಲಾಗಿದೆಯೇ?" ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಹಾಡ್ಜ್‌ಕಿನ್ ಲಿಂಫೋಮಾದ ರೋಗಿಗಳಿಗೂ ಅಸ್ಥಿಮಜ್ಜೆಯ ಕಸಿ ಪಡೆದವರಿಗೂ ದಾನಿ ಯಾರೇ ಆಗಿರಲಿ ಈ ಎಚ್ಚರಿಕೆ ಬೇಕು.

ರಕ್ತ ಪಡೆದ ಒಂದು ತಿಂಗಳೊಳಗೆ ಜ್ವರದೊಡನೆ ದದ್ದು ಕಂಡರೆ ಪಿತ್ತವೆಂದೋ ಔಷಧದ ಉಷ್ಣವೆಂದೋ ಬಗೆದು ಮನೆಯಲ್ಲಿ ಲೇಪ ಹಚ್ಚುತ್ತ ಕೂರಬೇಡಿರಿ. ಆಯುರ್ವೇದ ವೈದ್ಯರಾಗಿ ನಾವೇ ಹೇಳುತ್ತಿದ್ದೇವೆ: ಇದು ನಮ್ಮ ಕಷಾಯಕ್ಕೆ ಬಗ್ಗುವ ವ್ಯಾಧಿಯಲ್ಲ. ರಕ್ತ ಏರಿಸಿದ ಆಸ್ಪತ್ರೆಗೆ ಕೂಡಲೇ ಹೋಗಿ, ಏರಿಸಿದ ದಿನವನ್ನೂ ದಾನಿಯ ಸಂಬಂಧವನ್ನೂ ತಿಳಿಸಿರಿ.

ಇದನ್ನೋದಿ ಯಾರೂ ರಕ್ತ ಪಡೆಯಲು ಹಿಂಜರಿಯಬಾರದು. ಅಗತ್ಯವಿರುವಾಗ ರಕ್ತವೇ ಪ್ರಾಣ. ಮಗನ ರಕ್ತ ರಕ್ತನಿಧಿಯ ಮೂಲಕ ಅಪರಿಚಿತರೊಬ್ಬರಿಗೆ ಸಲ್ಲಲಿ, ಅಪರಿಚಿತರ ರಕ್ತ ತಂದೆಯನ್ನು ಉಳಿಸಲಿ.