ಕೊಟ್ಟೂರು ಸೀಮೆಯಿಂದ ಒಂದು ಪ್ರೇಮ ಕಾದಂಬರಿ

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಇದ್ದುಕೊಂಡೇ ಪ್ರೇಮ ಕಾದಂಬರಿ ಬರೀಬೇಕು ಅಂತಿದ್ದೀರಾ? ನಿಮ್ಮ ಕಥೆಯನ್ನ ಬೆಂಗಳೂರಿನ ಕೆಫೆಗೆ ಒಯ್ಯಬೇಡಿ.

ಹಾಸ್ಯ ಸಾಹಿತಿ ಬೀಚಿ ಹುಟ್ಟಿದ್ದು ನಮ್ಮದೇ ಸೀಮೆಯ ಹರಪನಹಳ್ಳಿಯಲ್ಲಿ. ಕುಂ. ವೀರಭದ್ರಪ್ಪ ಕೊಟ್ಟೂರಿನವರು, ಅವರ ‘ಅರಮನೆ’ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಪ್ರೇಮಕಥೆ ಅಲ್ಲ, ನಿಜ. ಆದರೆ ನಮ್ಮ ಸೀಮೆಯ ಮಾತಲ್ಲೇ ದೊಡ್ಡ ಕಾದಂಬರಿ ನಿಲ್ಲುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪ್ರೇಮ ಕಟ್ಟೋದನ್ನ ಕಾದಂಬರಿಕಾರ್ತಿ ತ್ರಿವೇಣಿ ಅವರಿಂದ ಕಲೀರಿ. ಅವರ ‘ಬೆಳ್ಳಿ ಮೋಡ’ದಲ್ಲಿ ಖಳನಾಯಕ ಇಲ್ಲವೇ ಇಲ್ಲ. ನಾಯಕಿ ಇಂದಿರೆಗೆ ಒಬ್ಬ ತಮ್ಮ ಹುಟ್ಟುತ್ತಾನೆ, ಅಷ್ಟೇ. ಆಸ್ತಿ ಅವಳಿಗೆ ಬರೋದಿಲ್ಲ ಅಂತ ಗೊತ್ತಾದ ಕೂಡಲೇ ಮದುವೆಯಾಗಬೇಕಿದ್ದ ಹುಡುಗನ ಮನಸ್ಸು ತಿರುಗುತ್ತೆ. ಒಂದು ಕೂಸಿನ ಹುಟ್ಟು ಪ್ರೇಮದ ನಿಜಬಣ್ಣ ತೋರಿಸಿಬಿಡುತ್ತೆ!

ನಿಮ್ಮೂರಲ್ಲಿ ಪ್ರೇಮಕ್ಕೆ ಇಂಥ ಅಡ್ಡಿ ಯಾವುದು? ಜಾತಿಯೇ? ಮಳೆ ಕೈಕೊಟ್ಟ ವರ್ಷ ಹುಡುಗಿಯ ಮನೆಯವರೆಲ್ಲ ಗುಳೆ ಹೋಗೋದೇ? ನಿಮ್ಮ ಕಥೆಯ ಹುಡುಗ ಹುಡುಗಿ ಮೊದಲು ಭೇಟಿಯಾಗೋದು ಕೊಟ್ಟೂರೇಶ್ವರನ ತೇರಲ್ಲೋ, ಮೈಲಾರದ ಕಾರ್ಣಿಕದಲ್ಲೋ, ಹಡಗಲಿಯ ಮಲ್ಲಿಗೆ ತೋಟದಲ್ಲೋ? ಇದು ಗೊತ್ತಾದರೆ ಅರ್ಧ ಕಾದಂಬರಿ ಸಿಕ್ಕ ಹಾಗೆ.

ಪ್ರಕಟಣೆಗೆ ಮೊದಲು ಪ್ರತಿಲಿಪಿಯಂಥ ಆ್ಯಪ್‌ನಲ್ಲಿ ಕಂತು ಕಂತಾಗಿ ಹಾಕಿ. ಓದುಗರು ಎಲ್ಲಿ ಬಿಟ್ಟುಹೋಗ್ತಾರೆ ನೋಡಿ, ಅಲ್ಲಿ ತಿದ್ದಿ. ವಾರಪತ್ರಿಕೆಗಳ ಧಾರಾವಾಹಿಗಳೂ ಹೀಗೇ ಓದುಗರನ್ನ ಬೆಳೆಸಿದವು. ಪುಸ್ತಕ ಮಾಡೋವಾಗ ಐಎಸ್‌ಬಿಎನ್ ಸಂಖ್ಯೆಗೆ ಯಾರಿಗೂ ದುಡ್ಡು ಕೊಡಬೇಡಿ, ಭಾರತದಲ್ಲಿ ಅದು ಉಚಿತ. ಆ ದುಡ್ಡನ್ನ ಒಳ್ಳೆ ಕರಡು ತಿದ್ದುವವರಿಗೆ ಕೊಡಿ.